‘ಸ್ಥಳವಿಲ್ಲ’ವೆಂಬ ವರದಿ: ಮನೆಯ ಸರ್ವರೊಂದರ ಸ್ಟೋರೇಜ್ ಪೂಲಿನ ಪರಿಶೀಲನೆ

೧. ವಿಷಯಪ್ರವೇಶ

ಇತಿಹಾಸದ ಅಧ್ಯಾಪಕರಿಗೆ ಕಂಪ್ಯೂಟರಿನ ಡಿಸ್ಕುಗಳ ಲೆಕ್ಕಾಚಾರದಿಂದ ಆಗಬೇಕಾದುದೇನು ಎಂದು ವಾಚಕರು ಕೇಳಬಹುದು. ಪ್ರಶ್ನೆ ಸಹಜವಾದುದೇ. ಆದರೆ ಶಾಸನದ ಪಡಿಯಚ್ಚು, ಓಲೆಗರಿಯ ಕಟ್ಟು, ಕಡತ ಮೊದಲಾದ ಮೂಲಸಾಮಗ್ರಿಯನ್ನು ನಾವು ಇಂದು ಬಹುಮಟ್ಟಿಗೆ ಅಭ್ಯಾಸ ಮಾಡುವುದು ಛಾಯಾಚಿತ್ರಗಳ ಮೂಲಕ. ಆ ಚಿತ್ರಗಳಲ್ಲಿ ಎಷ್ಟೋ ಭಾಗ ಯಾವ ಸಾರ್ವಜನಿಕ ಭಂಡಾರದಲ್ಲಿಯೂ ಇಲ್ಲ. ಅವನ್ನು ತೆಗೆದವರ ಮನೆಯ ಮೂಲೆಯಲ್ಲಿ ಹಗಲಿರುಳು ನಡೆಯುವ ಒಂದು ಚಿಕ್ಕ ಸರ್ವರಿನಲ್ಲಿವೆ. ಮೂಲವು ನಷ್ಟವಾದ ಪಕ್ಷದಲ್ಲಿ ಈ ಚಿತ್ರವೇ ಮೂಲದ ಸ್ಥಾನಕ್ಕೆ ಬರುತ್ತದೆ. ಆದುದರಿಂದ ಆ ಯಂತ್ರವು ‘ಇನ್ನು ಸ್ಥಳವಿಲ್ಲ’ ಎಂದು ಹೇಳಿದಾಗ ಅದನ್ನು ಎಷ್ಟರಮಟ್ಟಿಗೆ ನಂಬಬೇಕು, ನಂಬಿ ಏನನ್ನು ಅಳಿಸಬಹುದು ಎಂಬುದು ನಮ್ಮ ಶಾಸ್ತ್ರಕ್ಕೆ ಹೊರಗಿನ ವಿಚಾರವಲ್ಲ.

ಪ್ರಕೃತ ಲೇಖನದಲ್ಲಿ ನಾವು ಪ್ರತಿಪಾದಿಸುವುದು ಇಷ್ಟು: ‘ತುಂಬಿದೆ’ ಎಂಬುದು ಒಂದೇ ಒಂದು ಸಂಗತಿಯಲ್ಲ. ಯಂತ್ರದೊಳಗೆ ಬೇರೆಬೇರೆ ಲೆಕ್ಕಗಳಿರುತ್ತವೆ. ಅವುಗಳಲ್ಲಿ ಯಾವುದಾದರೊಂದು ಮುಗಿದರೂ ಹೊರಗೆ ಬರುವ ಮಾತು ಒಂದೇ. ಯಾವ ಲೆಕ್ಕ ಮುಗಿದಿದೆಯೆಂದು ವಿಚಾರಿಸದೆ ಏನನ್ನೂ ಅಳಿಸಬಾರದು. ಈ ನಿಯಮವನ್ನು ನಾವು ಕಲಿತದ್ದು ಅದನ್ನು ಮೀರಿದ ಮೇಲೆ. ಆ ಪ್ರಸಂಗವನ್ನೇ ಮೊದಲು ನಿವೇದಿಸುತ್ತೇವೆ.

೨. ಪ್ರಸಂಗ

ಕಡತವೆಂದರೆ ಇಂದು ಕಚೇರಿಯ ಫೈಲು, ಕಂಪ್ಯೂಟರಿನ ಫೈಲು ಎಂಬ ಅರ್ಥವೇ ರೂಢಿಯಾಗಿದೆ. ಮೂಲದಲ್ಲಿ ಅದು ಬಟ್ಟೆಯ ಪುಸ್ತಕ. ಬಟ್ಟೆಗೆ ಹುಣಿಸೆಬೀಜದ ಸರಿ ಮತ್ತು ಇದ್ದಿಲನ್ನು ಲೇಪಿಸಿ, ಒಣಗಿಸಿ, ಮಡಿಕೆಮಡಿಕೆಯಾಗಿ ಮಡಿಸಿ, ಆ ಕಪ್ಪು ಮೈಯ ಮೇಲೆ ಬಳಪದಿಂದ ಬರೆಯುತ್ತಿದ್ದರು. ಬೇಡವಾದ ಬರಹವನ್ನು ಒರಸಿ ಅದೇ ಜಾಗದಲ್ಲಿ ಹೊಸದನ್ನು ಬರೆಯಬಹುದಾಗಿತ್ತು. ಲೆಕ್ಕಪತ್ರಕ್ಕೆ ಅನುಕೂಲವಾದ ಈ ಗುಣವೇ ಅದರ ಉಳಿವಿಗೆ ಶತ್ರುವೂ ಆಯಿತು. ಈ ಲೇಖನದಲ್ಲಿ ಗೊಂದಲವಾಗದಿರಲೆಂದು ಬಟ್ಟೆಯ ಪುಸ್ತಕವನ್ನು ಮಾತ್ರ ಕಡತವೆಂದೂ, ಯಂತ್ರದಲ್ಲಿರುವುದನ್ನು ಫೈಲೆಂದೂ ಕರೆಯುತ್ತೇವೆ.

ಮಲೆನಾಡಿನ ಒಂದು ಮನೆತನದವರು ತಮ್ಮ ಅಟ್ಟದಲ್ಲಿದ್ದ ಕಡತಗಳನ್ನು ನಮಗೆ ಎರಡು ದಿನಗಳ ಮಟ್ಟಿಗೆ ತೋರಿಸಿದರು. ಮನೆಯ ಹಿರಿಯರು ಪಕ್ಕದಲ್ಲಿಯೇ ಕುಳಿತು ಒಂದೊಂದು ಮಡಿಕೆಯನ್ನೂ ತಮ್ಮ ಕೈಯಿಂದಲೇ ಬಿಡಿಸಿಕೊಟ್ಟರು. ನಾವು ಚಿತ್ರ ತೆಗೆದುಕೊಂಡೆವು. ಮುಂದಿನ ಮಳೆಗಾಲದಲ್ಲಿ ಅಟ್ಟ ಸೋರಿತು. ಬಳಪದ ಅಕ್ಷರಗಳು ನೀರಿಗೆ ನಿಲ್ಲಲಿಲ್ಲ.

ಆ ಚಿತ್ರಗಳು ನಮ್ಮ ಮನೆಯ ಸರ್ವರಿನಲ್ಲಿದ್ದುವು. ಅದು ಲಿನಕ್ಸ್ ವ್ಯವಸ್ಥೆಯಲ್ಲಿ ನಡೆಯುವ ಯಂತ್ರ. ೪ ಟೆರಾಬೈಟಿನ ಎರಡು ಡಿಸ್ಕುಗಳು, ಒಂದರಲ್ಲಿರುವುದರ ಪ್ರತಿ ಇನ್ನೊಂದರಲ್ಲಿಯೂ ಇರುವಂತೆ ಜೋಡಿಸಿದವು. ಒಂದು ಸಂಜೆ ಹೊಸ ಚಿತ್ರಗಳನ್ನು ಸೇರಿಸಹೋದಾಗ ‘ನೋ ಸ್ಪೇಸ್ ಲೆಫ್ಟ್ ಆನ್ ಡಿವೈಸ್’, ಎಂದರೆ ಸಾಧನದಲ್ಲಿ ಸ್ಥಳವುಳಿದಿಲ್ಲವೆಂಬ ಉತ್ತರ ಬಂದಿತು. ನಾವು ಹೆಚ್ಚು ಯೋಚಿಸಲಿಲ್ಲ. ಕಡತಗಳ ಚಿತ್ರಗಳಲ್ಲಿ ಎರಡು ವಿಧವಿದ್ದುವು: ಕ್ಯಾಮರಾ ಕೊಟ್ಟ ಕಚ್ಚಾ ಚಿತ್ರ, ಮತ್ತು ಅದರಿಂದ ಮಾಡಿದ ಕಿರಿಯ ಗಾತ್ರದ ಪ್ರತಿ. ಕಿರಿಯ ಪ್ರತಿಯಿದ್ದರೆ ಓದಿಗೆ ಸಾಕೆಂದು ಭಾವಿಸಿ, ಸುಮಾರು ೬೦ ಗಿಗಾಬೈಟಿನ ಕಚ್ಚಾ ಚಿತ್ರಗಳನ್ನು ಅಳಿಸಿಬಿಟ್ಟೆವು. ಮಸುಕಾದ ಬಳಪದ ಗೆರೆಯನ್ನು ಬೆಳಕು ಹೆಚ್ಚುಕಡಿಮೆ ಮಾಡಿ ಓದಲು ಕಚ್ಚಾ ಚಿತ್ರವೇ ಬೇಕೆಂಬುದು ನಮಗೆ ತಿಳಿಯದ ಸಂಗತಿಯೇನಲ್ಲ; ಅವಸರದಲ್ಲಿ ಅದು ನೆನಪಿಗೆ ಬರಲಿಲ್ಲ.

ಅಳಿಸಿದ ಮೇಲೆಯೂ ಉತ್ತರ ಬದಲಾಗಲಿಲ್ಲ. ೬೦ ಗಿಗಾಬೈಟು ಹೋಯಿತು. ಒಂದು ಬೈಟಿನಷ್ಟು ಸ್ಥಳವೂ ಬರಲಿಲ್ಲ. ಆಗ ನಾವು ಕೈ ಹಿಂದೆಗೆದು, ಮೊದಲು ಮಾಡಬೇಕಾಗಿದ್ದ ವಿಚಾರಣೆಯನ್ನು ಆರಂಭಿಸಿದೆವು.

೩. ಎರಡು ಲೆಕ್ಕಿಗರು

ಯುನಿಕ್ಸ್ ಸಂಪ್ರದಾಯದ ವ್ಯವಸ್ಥೆಗಳಲ್ಲಿ ಸ್ಥಳದ ಲೆಕ್ಕ ಹೇಳುವ ಎರಡು ಆಜ್ಞೆಗಳಿವೆ: ‘ಡಿಎಫ್’ ಮತ್ತು ‘ಡಿಯು’. ಎರಡೂ ೧೯೭೧ರ ಮೊದಲನೆಯ ಯುನಿಕ್ಸ್ ಆವೃತ್ತಿಯಿಂದಲೇ ಬಂದವು. ಡಿಯು ಎಂಬುದು ಫೈಲುಗಳನ್ನು ಒಂದೊಂದಾಗಿ ಸುತ್ತಿಬಂದು ಅವುಗಳ ಗಾತ್ರವನ್ನು ಕೂಡಿಸುತ್ತದೆ. ಡಿಎಫ್ ಯಾವ ಫೈಲನ್ನೂ ನೋಡುವುದಿಲ್ಲ. ಒಟ್ಟು ಎಷ್ಟು, ವೆಚ್ಚ ಎಷ್ಟು, ಉಳಿಕೆ ಎಷ್ಟು ಎಂದು ಫೈಲ್ ವ್ಯವಸ್ಥೆಯನ್ನೇ ಕೇಳಿ, ಅದು ಹೇಳಿದುದನ್ನು ಒಪ್ಪಿಸುತ್ತದೆ. ಒಬ್ಬನು ಕಣಜದೊಳಕ್ಕೆ ಹೋಗಿ ಚೀಲಗಳನ್ನು ಎಣಿಸಿದವನು. ಇನ್ನೊಬ್ಬನು ಬಾಗಿಲಲ್ಲಿಯೇ ನಿಂತು ಪಾರುಪತ್ಯಗಾರನನ್ನು ಕೇಳಿಬಂದವನು. ಇಬ್ಬರ ಮಾತಿನಲ್ಲಿ ವ್ಯತ್ಯಾಸ ಕಂಡುಬಂದರೆ ಒಬ್ಬನು ಸುಳ್ಳಾಡಿದನೆಂದು ಹೇಳಲಾಗದು. ಅವರಿಗೆ ಕೇಳಿದ ಪ್ರಶ್ನೆಗಳೇ ಬೇರೆ.

ನಮ್ಮ ಸರ್ವರಿನಲ್ಲಿ ಡಿಎಫ್ ಕೊಟ್ಟ ಉತ್ತರ ವಿಚಿತ್ರವಾಗಿತ್ತು. ಒಟ್ಟು ಸುಮಾರು ೩.೬, ವೆಚ್ಚ ಸುಮಾರು ೨.೨, ಉಳಿಕೆ ೦. ಜಮಾಖರ್ಚು ಕೂಡಿಬಾರದ ಈ ಪತ್ರವನ್ನು ಯಾವ ಮನೆಯ ಗುಮಾಸ್ತನು ಬರೆದಿದ್ದರೂ ನಾವು ಅಲ್ಲಿಯೇ ತಡೆದು ಪ್ರಶ್ನಿಸುತ್ತಿದ್ದೆವು. ಯಂತ್ರವು ಬರೆದುದರಿಂದ ಪ್ರಶ್ನಿಸದೆ ಮುಂದುವರಿದಿದ್ದೆವು. ೧.೪ರಷ್ಟು ಸ್ಥಳ ಎಲ್ಲಿ ಹೋಯಿತು?

೪. ಸಂದೇಹಗಳ ನಿವಾರಣೆ

ಇಂಥ ಸಂದರ್ಭದಲ್ಲಿ ಸಾಮಾನ್ಯವಾಗಿ ಕಂಡುಬರುವ ಕಾರಣಗಳನ್ನು ನಾವು ಒಂದೊಂದಾಗಿ ಪರೀಕ್ಷಿಸಿದೆವು. ಬೇರೆಯವರ ಯಂತ್ರದಲ್ಲಿ ಇವುಗಳಲ್ಲಿ ಯಾವುದಾದರೊಂದು ನಿಜವಾದ ಕಾರಣವಾಗಿರಬಹುದಾದ್ದರಿಂದ ಪ್ರತಿಯೊಂದನ್ನೂ ಇಲ್ಲಿ ವಿವರಿಸುತ್ತೇವೆ.

ಮೊದಲನೆಯದು ಮಾನದ ವ್ಯತ್ಯಾಸ. ಡಿಸ್ಕು ಮಾರುವವರ ಟೆರಾಬೈಟು ಲಕ್ಷ ಕೋಟಿ ಬೈಟು. ಕಂಪ್ಯೂಟರುಗಳು ಅನೇಕವೇಳೆ ಲೆಕ್ಕ ಹಾಕುವುದು ಎರಡರ ಘಾತಗಳಲ್ಲಿ. ಆ ಮಾನದ ಘಟಕವು ಒಂದು ಲಕ್ಷದ ಒಂಬತ್ತು ಸಾವಿರ ಕೋಟಿ ಬೈಟುಗಳಿಗೂ ಮೇಲ್ಪಟ್ಟದ್ದು. ೧೯೯೮ರಲ್ಲಿ ಅಂತರರಾಷ್ಟ್ರೀಯ ವಿದ್ಯುತ್‌ತಾಂತ್ರಿಕ ಆಯೋಗವು ಇದಕ್ಕೆ ಟೆಬಿಬೈಟು ಎಂಬ ಪ್ರತ್ಯೇಕ ಹೆಸರನ್ನು ವಿಧಿಸಿತು. ೪ ಟೆರಾಬೈಟಿನ ಡಿಸ್ಕು ಈ ಮಾನದಲ್ಲಿ ಸುಮಾರು ೩.೬೪. ಒಂದು ಪ್ರಾಂತದ ಕೊಳಗ ಇನ್ನೊಂದು ಪ್ರಾಂತದ ಕೊಳಗಕ್ಕೆ ಸಮವಲ್ಲವೆಂಬುದನ್ನು ಬಲ್ಲ ಇತಿಹಾಸದ ವಿದ್ಯಾರ್ಥಿಗೆ ಇದು ಹೊಸದಲ್ಲ. ಒಟ್ಟು ೪ ಎಂದು ತೋರದೆ ೩.೬ ಎಂದು ತೋರಿದುದಕ್ಕೆ ಇದು ಕಾರಣ, ಉಳಿಕೆ ಸೊನ್ನೆಯಾದುದಕ್ಕಲ್ಲ.

ಎರಡನೆಯದು ಸ್ನ್ಯಾಪ್‌ಷಾಟು. ನಮ್ಮ ಪೂಲಿನಲ್ಲಿರುವ ಫೈಲ್ ವ್ಯವಸ್ಥೆ ಬಿಟಿಆರ್‌ಎಫ್‌ಎಸ್ ಎಂಬುದು. ೨೦೦೭ರಲ್ಲಿ ಕ್ರಿಸ್ ಮೇಸನ್ ಅವರು ಆರಂಭಿಸಿದ ಇದು ೨೦೦೯ರಲ್ಲಿ ಲಿನಕ್ಸಿನ ೨.೬.೨೯ನೆಯ ಆವೃತ್ತಿಯಲ್ಲಿ ಸೇರಿತು. ಇದು ಹಳೆಯ ಬರಹದ ಮೇಲೆಯೇ ತಿದ್ದಿ ಬರೆಯದೆ, ತಿದ್ದಿದುದನ್ನು ಹೊಸ ಜಾಗದಲ್ಲಿ ಬರೆದು, ಬಳಿಕ ಹಳೆಯದನ್ನು ಬಿಟ್ಟುಕೊಡುತ್ತದೆ. ಕಡತದ ಪದ್ಧತಿಗೆ ನೇರ ವಿರುದ್ಧವೆನ್ನಬಹುದು. ಆದುದರಿಂದ ಒಂದು ಕ್ಷಣದ ಸ್ಥಿತಿಯನ್ನು ಹಾಗೆಯೇ ಹಿಡಿದಿಟ್ಟುಕೊಳ್ಳುವುದು ಇದಕ್ಕೆ ಸುಲಭ. ಅದೇ ಸ್ನ್ಯಾಪ್‌ಷಾಟು. ನಾವು ರಾತ್ರಿಗೊಂದರಂತೆ ತೆಗೆದು ಮೂವತ್ತು ದಿನ ಇಡುವ ಏರ್ಪಾಡು ಮಾಡಿದ್ದೆವು. ಫೈಲನ್ನು ಅಳಿಸಿದಾಗ ಇಂದಿನ ಪಟ್ಟಿಯಿಂದ ಅದರ ಹೆಸರು ಹೋಗುತ್ತದೆ. ಹಿಂದಿನ ರಾತ್ರಿಯ ಸ್ನ್ಯಾಪ್‌ಷಾಟು ಅದನ್ನು ಬಿಟ್ಟುಕೊಡುವವರೆಗೆ ಸ್ಥಳ ಬಿಡುವಾಗುವುದಿಲ್ಲ. ೬೦ ಗಿಗಾಬೈಟು ಅಳಿಸಿದರೂ ಏನೂ ದೊರೆಯದ ರಹಸ್ಯ ಇದು.

ಇಲ್ಲಿ ನಾವು ಇನ್ನೊಂದು ತಪ್ಪಿನ ಅಂಚಿಗೆ ಬಂದೆವು. ಸ್ಥಳವನ್ನು ನುಂಗಿರುವವು ಸ್ನ್ಯಾಪ್‌ಷಾಟುಗಳೇ ಆದ್ದರಿಂದ ಅವನ್ನೂ ಅಳಿಸೋಣವೆಂದು ಆಜ್ಞೆಯನ್ನು ಬರೆದೂ ಆಗಿತ್ತು. ಆಗ ಹೊಳೆದುದು ಇದು: ಸ್ನ್ಯಾಪ್‌ಷಾಟುಗಳು ಹಿಡಿದ ಸ್ಥಳವೂ ಸೇರಿಯೇ ಡಿಎಫ್ ಹೇಳುವ ವೆಚ್ಚ ೨.೨. ಅವನ್ನೆಲ್ಲ ಲೆಕ್ಕಕ್ಕೆ ತೆಗೆದುಕೊಂಡ ಮೇಲೆಯೂ ೧.೪ ಉಳಿಯಲೇಬೇಕು. ಎಂದರೆ ಸ್ನ್ಯಾಪ್‌ಷಾಟು ಅಪರಾಧಿಯಲ್ಲ. ಅಷ್ಟೇ ಅಲ್ಲ, ನಾವು ಅಳಿಸಿದ ಕಡತದ ಚಿತ್ರಗಳು ಆಗ ಉಳಿದಿದ್ದುದು ಆ ಸ್ನ್ಯಾಪ್‌ಷಾಟುಗಳಲ್ಲಿ ಮಾತ್ರ. ಆ ಆಜ್ಞೆಯನ್ನು ಜಾರಿಗೊಳಿಸಿದ್ದರೆ ಅಟ್ಟದ ಮಳೆ ಅರ್ಧ ಮಾಡಿದ ಕೆಲಸವನ್ನು ನಾವು ಪೂರ್ತಿ ಮಾಡಿದಂತಾಗುತ್ತಿತ್ತು.

ಮೂರನೆಯದು, ಅಳಿಸಿದರೂ ತೆರೆದಿರುವ ಫೈಲು. ಯಾವುದಾದರೊಂದು ಕಾರ್ಯಕ್ರಮವು ಫೈಲನ್ನು ತೆರೆದುಕೊಂಡಿರುವಾಗ ಅದನ್ನು ಅಳಿಸಿದರೆ, ಆ ಕಾರ್ಯಕ್ರಮ ಮುಗಿಯುವವರೆಗೆ ಸ್ಥಳ ಹಾಗೆಯೇ ಇರುತ್ತದೆ. ‘ಎಲ್‌ಎಸ್‌ಒಎಫ್’ ಎಂಬ ಆಜ್ಞೆಯಿಂದ ಇಂಥವನ್ನು ಪತ್ತೆಮಾಡಬಹುದು. ನಮ್ಮಲ್ಲಿ ಅಂಥದೇನೂ ಇರಲಿಲ್ಲ.

ನಾಲ್ಕನೆಯದು ಐನೋಡುಗಳ ಅಭಾವ. ಇಎಕ್ಸ್‌ಟಿ೪ ಎಂಬ ಫೈಲ್ ವ್ಯವಸ್ಥೆಯಲ್ಲಿ ಪ್ರತಿ ಫೈಲಿಗೂ ಐನೋಡೆಂಬ ಒಂದು ದಾಖಲೆ ಬೇಕು; ಅವುಗಳ ಸಂಖ್ಯೆ ಡಿಸ್ಕನ್ನು ಸಿದ್ಧಪಡಿಸುವಾಗಲೇ, ಸಾಮಾನ್ಯವಾಗಿ ೧೬,೩೮೪ ಬೈಟಿಗೆ ಒಂದರಂತೆ, ಗೊತ್ತಾಗಿಬಿಡುತ್ತದೆ. ಅತಿ ಚಿಕ್ಕ ಫೈಲುಗಳು ಅಸಂಖ್ಯವಾದಾಗ ಸ್ಥಳವಿದ್ದೂ ಐನೋಡು ಮುಗಿಯುತ್ತದೆ. ಬಿಟಿಆರ್‌ಎಫ್‌ಎಸ್ ಇವನ್ನು ಬೇಕಾದಾಗ ಸೃಷ್ಟಿಸಿಕೊಳ್ಳುವುದರಿಂದ ಈ ಸಂದೇಹಕ್ಕೂ ಎಡೆಯಿರಲಿಲ್ಲ.

ಐದನೆಯದು ಮೀಸಲು. ಬರ್ಕ್‌ಲಿಯಲ್ಲಿ ಮೆಕ್ಯೂಸಿಕ್ ಮೊದಲಾದವರು ರಚಿಸಿ ೧೯೮೪ರಲ್ಲಿ ಪ್ರಬಂಧರೂಪದಲ್ಲಿ ವಿವರಿಸಿದ ಫೈಲ್ ವ್ಯವಸ್ಥೆಯು ನೂರಕ್ಕೆ ಹತ್ತರಷ್ಟು ಸ್ಥಳವನ್ನು ಸಾಮಾನ್ಯ ಬಳಕೆದಾರರಿಗೆ ಕೊಡದೆ ಹಿಡಿದಿಡುತ್ತಿತ್ತು. ಡಿಸ್ಕು ತೀರ ತುಂಬಿದರೆ ಒಂದೇ ಫೈಲಿನ ಭಾಗಗಳು ಚದರಿಹೋಗಿ ಕೆಲಸ ನಿಧಾನವಾಗುವುದೆಂಬುದು ಅದಕ್ಕೆ ಕಾರಣ. ಇಎಕ್ಸ್‌ಟಿ೪ರಲ್ಲಿ ಸಾಮಾನ್ಯವಾಗಿ ನೂರಕ್ಕೆ ಐದು ಹೀಗೆ ಮೀಸಲಾಗಿರುತ್ತದೆ. ಆದರೆ ನಮ್ಮಲ್ಲಿ ಕಾಣೆಯಾದುದು ನೂರಕ್ಕೆ ಸುಮಾರು ನಲವತ್ತು. ಮೀಸಲಿನಿಂದ ಇದನ್ನು ಸಮರ್ಥಿಸಲಾಗದು.

೫. ನಿಜವಾದ ಕಾರಣ

ಉಳಿದುದು ಬಿಟಿಆರ್‌ಎಫ್‌ಎಸ್ ತನ್ನ ಸ್ಥಳವನ್ನು ವಿಂಗಡಿಸುವ ವಿಧಾನ. ಇದನ್ನು ಗ್ರಂಥಾಲಯದ ದೃಷ್ಟಾಂತದಿಂದ ವಿವರಿಸಬಹುದು. ಒಂದು ಗ್ರಂಥಾಲಯದಲ್ಲಿ ಬರಿಯ ನೆಲವಿದೆ. ಪುಸ್ತಕ ಬಂದಂತೆಲ್ಲ ಆ ನೆಲದ ಮೇಲೆ ಪುಸ್ತಕದ ಕಪಾಟುಗಳನ್ನು ನಿಲ್ಲಿಸುತ್ತ ಹೋಗುತ್ತಾರೆ. ಸೂಚಿಯ ಚೀಟಿಗಳಿಗೆ ಬೇರೆ ಪೆಟ್ಟಿಗೆ. ಅದು ತುಂಬಿದರೆ ಅದೇ ನೆಲದ ಮೇಲೆ ಇನ್ನೊಂದು ಪೆಟ್ಟಿಗೆ. ಸೂಚಿಯಲ್ಲಿ ಚೀಟಿಯಿಲ್ಲದ ಯಾವ ಪುಸ್ತಕವನ್ನೂ ಒಳಕ್ಕೆ ಬಿಡಬಾರದೆಂಬುದು ನಿಯಮ. ಈಗ ನೆಲವೆಲ್ಲ ಕಪಾಟುಗಳಿಂದ ಮುಚ್ಚಿಹೋಗಿದೆಯೆನ್ನೋಣ. ಕಪಾಟುಗಳು ಅರೆಬರೆ ತುಂಬಿವೆ. ಆದರೆ ಸೂಚಿಯ ಪೆಟ್ಟಿಗೆ ಪೂರ್ತಿ ತುಂಬಿದೆ, ಹೊಸ ಪೆಟ್ಟಿಗೆಯನ್ನಿಡಲು ನೆಲವಿಲ್ಲ. ಸಾವಿರ ಪುಸ್ತಕಗಳಿಗೆ ಕಪಾಟಿನಲ್ಲಿ ಜಾಗವಿದ್ದರೂ ಅಧಿಕಾರಿಯು ‘ಸ್ಥಳವಿಲ್ಲ’ವೆಂದು ಹಿಂದಿರುಗಿಸುವನು, ನಿಯಮದ ದೃಷ್ಟಿಯಿಂದ ಅವನ ಮಾತು ಸರಿ.

ಇಲ್ಲಿ ಪುಸ್ತಕವೆಂದರೆ ದತ್ತಾಂಶ. ಸೂಚಿಯೆಂದರೆ ಮೆಟಾಡೇಟ, ಎಂದರೆ ಹೆಸರು, ಗಾತ್ರ, ಯಾವುದು ಎಲ್ಲಿದೆಯೆಂಬ ವಿವರ, ಪರಿಶೀಲನಾಂಕಗಳು ಇತ್ಯಾದಿ. ಕಪಾಟಿಗೂ ಪೆಟ್ಟಿಗೆಗೂ ಚಂಕ್ ಎಂದು ಹೆಸರು. ನಮ್ಮದರಂಥ ದೊಡ್ಡ ಡಿಸ್ಕುಗಳಲ್ಲಿ ಒಂದೊಂದೂ ಸಾಮಾನ್ಯವಾಗಿ ೧ ಗಿಬಿಬೈಟಿನ ಅಳತೆಯದು. ‘ಬಿಟಿಆರ್‌ಎಫ್‌ಎಸ್ ಫೈಲ್‌ಸಿಸ್ಟಂ ಯೂಸೇಜ್’ ಎಂಬ ಆಜ್ಞೆಯು ಡಿಎಫ್ ಮರೆಮಾಡಿದ ಈ ವಿಂಗಡಣೆಯನ್ನು ಬಿಡಿಸಿ ತೋರಿಸಿತು: ದತ್ತಾಂಶಕ್ಕೆ ಹಂಚಿದ್ದು ೩.೬೩ ಟೆಬಿಬೈಟು, ಅದರಲ್ಲಿ ಬಳಕೆಯಾದುದು ೨.೧೯. ಮೆಟಾಡೇಟಕ್ಕೆ ಹಂಚಿದ್ದು ೮ ಗಿಬಿಬೈಟು, ಬಳಕೆಯಾದುದು ೭.೫, ಉಳಿದ ಅರ್ಧವು ಅಳಿಸುವಿಕೆಯಂಥ ಅನಿವಾರ್ಯ ಕಾರ್ಯಗಳಿಗೆಂದು ವ್ಯವಸ್ಥೆಯೇ ಕಾದಿರಿಸಿಕೊಂಡ ಮೀಸಲು. ಯಾವುದಕ್ಕೂ ಹಂಚದೆ ಉಳಿದ ನೆಲ ಪ್ರತಿ ಡಿಸ್ಕಿನಲ್ಲಿ ೧ ಮೆಬಿಬೈಟು ಮಾತ್ರ. ಮೆಟಾಡೇಟಕ್ಕೆ ದಾರಿಯಿಲ್ಲದಾಗ ಹೊಸದೇನನ್ನೂ ಬರೆಯಲಾಗದಾದ್ದರಿಂದ, ಅಂಥ ಸ್ಥಿತಿಯಲ್ಲಿ ಉಳಿಕೆಯನ್ನು ಸೊನ್ನೆಯೆಂದೇ ಡಿಎಫ್‌ಗೆ ತಿಳಿಸುವಂತೆ ಈ ಫೈಲ್ ವ್ಯವಸ್ಥೆಯನ್ನು ರಚಿಸಿದ್ದಾರೆ.

ಈ ಸ್ಥಿತಿ ಬಂದುದಾದರೂ ಹೇಗೆ? ಅದಕ್ಕೆ ನಮ್ಮ ಅಭ್ಯಾಸಗಳೇ ಕಾರಣ. ಹಿಂದೊಮ್ಮೆ ಪ್ರತಿ ಹಸ್ತಪ್ರತಿಯ ಚಿತ್ರವನ್ನೂ ಮೂರು ಮೂರು ರೂಪಗಳಲ್ಲಿ ಇಟ್ಟು ಪೂಲನ್ನು ಬಹುತೇಕ ತುಂಬಿದ್ದೆವು. ಬಳಿಕ ಮಧ್ಯದ ರೂಪವನ್ನು ಬೇಡವೆಂದು ತೆಗೆದುಹಾಕಿದೆವು. ಮೂರೂ ರೂಪಗಳು ಒಂದರ ಪಕ್ಕದಲ್ಲೊಂದು ಬರೆಯಲ್ಪಟ್ಟಿದ್ದುದರಿಂದ ಕಪಾಟುಗಳು ಅರ್ಧರ್ಧ ಬರಿದಾದುವೇ ಹೊರತು ಯಾವುದೂ ಪೂರ್ತಿ ಬರಿದಾಗಲಿಲ್ಲ. ೨೦೧೪ರ ಡಿಸೆಂಬರಿನಲ್ಲಿ ಬಂದ ಲಿನಕ್ಸ್ ೩.೧೮ರಿಂದೀಚೆಗೆ ಪೂರ್ತಿ ಬರಿದಾದ ಚಂಕು ತಾನಾಗಿಯೇ ನೆಲಕ್ಕೆ ಹಿಂದಿರುಗುತ್ತದೆ. ಒಂದು ಪುಸ್ತಕವಿದ್ದರೂ ಕಪಾಟು ಅಲ್ಲಿಯೇ ನಿಲ್ಲುತ್ತದೆ. ಇತ್ತ ಮೆಟಾಡೇಟ ಬೆಳೆಯುತ್ತಲೇ ಇದ್ದಿತು. ಓದಿದ ಸಾಲುಗಳ ಲಿಪ್ಯಂತರವನ್ನು ಸಾಲಿಗೊಂದು ಚಿಕ್ಕ ಫೈಲಿನಂತೆ ಇಡುವ ಪದ್ಧತಿಯನ್ನು ನಾವು ಇಟ್ಟುಕೊಂಡಿದ್ದೆವು. ಸುಮಾರು ೨,೦೪೮ ಬೈಟಿಗಿಂತ ಚಿಕ್ಕದಾದ ಫೈಲುಗಳನ್ನು ಬಿಟಿಆರ್‌ಎಫ್‌ಎಸ್ ಸಾಮಾನ್ಯವಾಗಿ ಕಪಾಟಿನಲ್ಲಿಡದೆ ಸೂಚಿಯ ಪೆಟ್ಟಿಗೆಯಲ್ಲಿಯೇ ಸೇರಿಸುತ್ತದೆ. ನಮ್ಮ ಟಿಪ್ಪಣಿಗಳೆಲ್ಲ ಸೂಚಿಯನ್ನು ತುಂಬಿದ್ದುವು.

೬. ಪರಿಹಾರದ ಕ್ರಮ

ಮೊಟ್ಟಮೊದಲು, ಅಳಿಸಿದ್ದ ೬೦ ಗಿಗಾಬೈಟು ಚಿತ್ರಗಳನ್ನು ಹಿಂದಿನ ರಾತ್ರಿಯ ಸ್ನ್ಯಾಪ್‌ಷಾಟಿನಿಂದ ಒಂದು ಹೊರಗಿನ ಡಿಸ್ಕಿಗೆ ನಕಲು ಮಾಡಿಕೊಂಡೆವು. ಓದುವುದಕ್ಕೆ ಪೂಲಿನಲ್ಲಿ ಹೊಸ ಸ್ಥಳ ಬೇಕಾಗಿಲ್ಲ. ಚಿತ್ರಗಳೆಲ್ಲ ತೆರೆಯುವುವೆಂದು ಖಾತರಿ ಮಾಡಿಕೊಂಡ ಬಳಿಕವೇ ಮುಂದಿನ ಕೆಲಸ.

ಅನಂತರ ‘ಬ್ಯಾಲೆನ್ಸ್’ ಎಂಬ ಆಜ್ಞೆ. ಇದು ಅರೆತುಂಬಿದ ಕಪಾಟುಗಳ ಪುಸ್ತಕಗಳನ್ನು ಬೇರೆ ಕಪಾಟುಗಳ ಬಿಡುವಿನಲ್ಲಿ ಸೇರಿಸಿ, ಬರಿದಾದ ಕಪಾಟನ್ನು ತೆಗೆದು ನೆಲವನ್ನು ಬಿಡಿಸುತ್ತದೆ. ಎಲ್ಲವನ್ನೂ ಒಮ್ಮೆಗೇ ಜರುಗಿಸಹೋದರೆ ಈ ಇಕ್ಕಟ್ಟಿನಲ್ಲಿ ಕೆಲಸ ನಡುವೆ ನಿಲ್ಲಬಹುದು. ಆದ್ದರಿಂದ ‘ಡಿಯೂಸೇಜ್’ ಎಂಬ ಮಿತಿಯನ್ನು ಹಾಕಿ, ಮೊದಲು ಪೂರ್ತಿ ಬರಿದಾದವು, ಆಮೇಲೆ ನೂರಕ್ಕೆ ೫ಕ್ಕಿಂತ ಕಡಮೆ ತುಂಬಿದವು, ಬಳಿಕ ೧೦, ೨೦, ಹೀಗೆ ೫೦ರವರೆಗೆ ಹಂತಹಂತವಾಗಿ ನಡೆಸಿದೆವು. ಇದಕ್ಕೆ ಎರಡು ರಾತ್ರಿಗಳು ಹಿಡಿದುವು. ಒಂದು ಫೈಲನ್ನೂ ಅಳಿಸದೆ ಪ್ರತಿ ಡಿಸ್ಕಿನಲ್ಲಿಯೂ ೯೦೦ ಗಿಬಿಬೈಟಿನಷ್ಟು ನೆಲ ಬಿಡುವಾಯಿತು. ಡಿಎಫ್ ಹೇಳುವ ಉಳಿಕೆ ಸೊನ್ನೆಯಿಂದ ೧.೪ಕ್ಕೆ ಏರಿತು. ಮೆಟಾಡೇಟದ ಚಂಕುಗಳನ್ನು ನಾವು ಮುಟ್ಟಲಿಲ್ಲ. ಅವಕ್ಕೆ ಸ್ಥಳವನ್ನು ಹೆಚ್ಚಿಸಬೇಕಾಗಿದ್ದಿತೇ ಹೊರತು ಕುಗ್ಗಿಸಬೇಕಾಗಿರಲಿಲ್ಲ.

ಕೆಲವರಲ್ಲಿ ಬ್ಯಾಲೆನ್ಸ್ ಆರಂಭಿಸಲೂ ಎಡೆ ಸಿಕ್ಕದಿರಬಹುದು. ಆಗ ತಾತ್ಕಾಲಿಕವಾಗಿ ಬೇರೊಂದು ಡಿಸ್ಕನ್ನು ಪೂಲಿಗೆ ಸೇರಿಸುವುದು ರೂಢಿ. ಆದರೆ ಜೋಡಿಪ್ರತಿಯ ಪೂಲಿನಲ್ಲಿ ಹೊಸ ಚಂಕು ಎರಡು ಡಿಸ್ಕುಗಳಲ್ಲಿ ಏಕಕಾಲಕ್ಕೆ ಸ್ಥಳ ಕೇಳುವುದರಿಂದ ಒಂದನ್ನು ಸೇರಿಸಿದರೆ ಸಾಲದು, ಎರಡು ಬೇಕು. ಕೆಲಸ ಮುಗಿದ ಮೇಲೆ ಅವನ್ನು ಸುಮ್ಮನೆ ಕಿತ್ತುಹಾಕದೆ ಅದಕ್ಕೆಂದೇ ಇರುವ ಆಜ್ಞೆಯಿಂದ ತೆರವು ಮಾಡಬೇಕು. ಇಲ್ಲವಾದರೆ ಅವುಗಳ ಮೇಲೆ ಬರೆದುದು ಅವುಗಳೊಡನೆ ಹೋಗುತ್ತದೆ.

೭. ಬೇರೆ ವ್ಯವಸ್ಥೆಗಳಲ್ಲಿ

ಮನೆಯ ಸರ್ವರುಗಳಲ್ಲಿ ಬಹಳವಾಗಿ ಬಳಕೆಯಲ್ಲಿರುವ ಇನ್ನೊಂದು ವ್ಯವಸ್ಥೆ ಜ಼ಡ್‌ಎಫ್‌ಎಸ್. ಸನ್ ಮೈಕ್ರೋಸಿಸ್ಟಮ್ಸ್ ಸಂಸ್ಥೆಯಲ್ಲಿ ಜೆಫ್ ಬಾನ್ವಿಕ್, ಮ್ಯಾಥ್ಯೂ ಆರೆನ್ಸ್ ಮೊದಲಾದವರು ರಚಿಸಿದ ಇದು ೨೦೦೫ರಲ್ಲಿ ಸೊಲಾರಿಸ್ ವ್ಯವಸ್ಥೆಯ ಮೂಲದಲ್ಲಿ ಸೇರಿತು. ಡಿಸ್ಕುಗಳನ್ನು ಬಿಡಿಬಿಡಿಯಾಗಿ ವಿಭಾಗಿಸದೆ ಒಂದೇ ಪೂಲೆಂದು ಭಾವಿಸುವ ಪದ್ಧತಿಗೆ ಹೆಚ್ಚಿನ ಪ್ರಚಾರ ದೊರೆತುದು ಇದರಿಂದ. ಇದರಲ್ಲಿ ‘ಸ್ಥಳವಿಲ್ಲ’ವೆಂಬ ಮಾತಿಗೆ ಕಾರಣಗಳು ಬೇರೆ. ಅಳಿಸುವುದಕ್ಕೂ ಹೊಸ ಬರಹ ಬೇಕಾಗುವುದರಿಂದ ಪೂಲಿನ ಸುಮಾರು ಮೂವತ್ತೆರಡನೆಯ ಒಂದು ಭಾಗವನ್ನು ಇದು ತನ್ನಲ್ಲಿಯೇ ಇಟ್ಟುಕೊಳ್ಳುತ್ತದೆ. ಬಹು ದೊಡ್ಡ ಪೂಲುಗಳಲ್ಲಿ ಮಾತ್ರ ಈ ಮೀಸಲಿಗೆ ಒಂದು ಮೇರೆಯುಂಟು. ರೇಡ್‌ಜ಼ಡ್ ಜೋಡಣೆಯಲ್ಲಿ ‘ಜ಼ಡ್‌ಪೂಲ್ ಲಿಸ್ಟ್’ ರಕ್ಷಣೆಯ ಭಾಗವನ್ನೂ ಸೇರಿಸಿ ಹೇಳುತ್ತದೆ, ‘ಜ಼ಡ್‌ಎಫ್‌ಎಸ್ ಲಿಸ್ಟ್’ ಅದನ್ನು ಕಳೆದು ಹೇಳುತ್ತದೆ. ಎರಡನೆಯ ಆಜ್ಞೆಗೆ ‘ಸ್ಪೇಸ್’ ಎಂಬ ಆಯ್ಕೆಯನ್ನು ಸೇರಿಸಿದರೆ ವೆಚ್ಚವು ಇಂದಿನ ಫೈಲು, ಸ್ನ್ಯಾಪ್‌ಷಾಟು, ಮುಂಗಡ ಮೀಸಲು, ಅಧೀನ ವಿಭಾಗ ಎಂದು ನಾಲ್ಕು ಬಾಬುಗಳಾಗಿ ಬಿಡಿಸಿ ಬರುತ್ತದೆ. ಅವುಗಳ ಜೊತೆಗೆ, ವಿಭಾಗಕ್ಕೆ ಹಿಂದೆಂದೋ ಹಾಕಿದ ಕೋಟಾ ಮುಗಿದಿಲ್ಲವಷ್ಟೆ ಎಂದೂ ನೋಡಬೇಕು.

೮. ಉಪಸಂಹಾರ

ಇದರಿಂದ ಫಲಿತವಾದುದನ್ನು ಸಂಗ್ರಹಿಸಿ ಹೇಳುವುದಾದರೆ, ‘ಸ್ಥಳವಿಲ್ಲ’ವೆಂದಾಗ ಒಟ್ಟು, ವೆಚ್ಚ, ಉಳಿಕೆಗಳು ಪರಸ್ಪರ ಕೂಡುತ್ತವೆಯೇ ಎಂದು ಮೊದಲು ನೋಡಬೇಕು. ಕೂಡದಿದ್ದರೆ ಫೈಲ್ ವ್ಯವಸ್ಥೆಯ ಸ್ವಂತ ಆಜ್ಞೆಯಿಂದ ಒಳಲೆಕ್ಕವನ್ನು ತೆಗೆಸಬೇಕು. ಕಾರಣ ತಿಳಿಯುವವರೆಗೆ ಫೈಲನ್ನಾಗಲಿ ಸ್ನ್ಯಾಪ್‌ಷಾಟನ್ನಾಗಲಿ ಅಳಿಸಕೂಡದು. ಬಿಟಿಆರ್‌ಎಫ್‌ಎಸ್ ಬಳಸುವವರು ಉಳಿಕೆಯ ಅಂಕಿಗಿಂತ ಹಂಚದೆ ಉಳಿದ ನೆಲದ ಅಂಕಿಯನ್ನು ಗಮನಿಸುತ್ತಿರುವುದು ಮೇಲು. ಅದು ಕೆಲವೇ ಗಿಬಿಬೈಟಿಗೆ ಇಳಿದಾಗಲೇ ಬ್ಯಾಲೆನ್ಸ್ ನಡೆಸಿದರೆ ಇಕ್ಕಟ್ಟೇ ಬರುವುದಿಲ್ಲ.

ಒಂದು ಶಾಸನ ಇನ್ನೊಂದಕ್ಕೆ ವಿರುದ್ಧವಾದಾಗ ನಾವು ಎರಡರಲ್ಲೊಂದನ್ನು ಒಡೆದುಹಾಕುವುದಿಲ್ಲ. ಬರೆಸಿದವರಾರು, ಯಾವ ಉದ್ದೇಶಕ್ಕೆ, ಯಾವ ಮಾನದಲ್ಲಿ ಎಂದು ಕೇಳುತ್ತೇವೆ. ತರಗತಿಯಲ್ಲಿ ಪ್ರತಿವರ್ಷವೂ ಬೋಧಿಸುವ ಈ ಕ್ರಮವನ್ನು ಮನೆಯ ಯಂತ್ರದ ಮುಂದೆ ನಾವು ಮರೆತೆವೆಂಬುದನ್ನು ಒಪ್ಪಿಕೊಳ್ಳಬೇಕು. ಇನ್ನೂ ಒಂದು ದೋಷವನ್ನು ಮುಚ್ಚಿಡಬಾರದು. ಜೋಡಿಡಿಸ್ಕಿದೆಯೆಂಬ ಧೈರ್ಯದಿಂದ ನಾವು ಬೇರೆ ಪ್ರತಿಯನ್ನು ಇಟ್ಟಿರಲಿಲ್ಲ. ಜೋಡಿಯು ಡಿಸ್ಕು ಕೆಟ್ಟಾಗ ಕಾಪಾಡೀತು. ಅಳಿಸುವ ಕೈಯಿಂದ ಕಾಪಾಡಲಾರದು, ಏಕೆಂದರೆ ಒಂದರಲ್ಲಿ ಅಳಿಸಿದುದು ಆ ಕ್ಷಣವೇ ಇನ್ನೊಂದರಲ್ಲಿಯೂ ಅಳಿಯುತ್ತದೆ. ಈಗ ಕಡತಗಳ ಕಚ್ಚಾ ಚಿತ್ರಗಳ ಒಂದು ಪ್ರತಿ ಬೇರೆ ಊರಿನ ಸ್ನೇಹಿತರ ಮನೆಯಲ್ಲಿದೆ. ಇನ್ನೊಂದು ಆ ಮನೆತನದವರಲ್ಲಿಯೇ ಇದೆ. ಹಿರಿಯರಿಗೆ ಅದನ್ನು ಒಪ್ಪಿಸಿದಾಗ ಅವರು ಡಿಸ್ಕನ್ನು ತಿರುಗಿಸಿ ನೋಡಿ, ಇದನ್ನು ಅಟ್ಟದ ಮೇಲಿಡಬಹುದೇ ಎಂದು ಕೇಳಿದರು. ಬೇಡವೆಂದು ಹೇಳಿಬಂದೆವು.